ತೊಂಬತ್ತೆರಡು ಅಡಿಯ ಬೂಚು

"ಈ ಬೂಚ ಯಾರೂ ಕೀಳೂದಿಲ್ಲ, ಗಾಳೆವ್ವಾ. ನಾ ಇರೂತನಕ ನಾ ಕಾಯ್ತೀನಿ. ನಾ ಹೋದಮ್ಯಾಲ ನನ್ನ ಮಗ ಕಾಯ್ತಾನ."

ಬೋರಿನ ಕೊಳವೆಯ ಬಾಯಿಯ ಮೇಲೆ ಅಂಗೈ ಇಟ್ಟು ನನ್ನ ಅಪ್ಪ ಅಕ್ಬರಸಾಬರು ಹೀಗೆ ಮಾತು ಕೊಟ್ಟದ್ದು ಎಪ್ಪತ್ಮೂರನೆಯ ಇಸವಿಯಲ್ಲಿ. ಅವರು ಹೇಳಿದ ಮಗ ನಾನು, ಇಲಿಯಾಸ. ಆಗ ನನಗೆ ನಲವತ್ತು ದಿನ ತುಂಬಿರಲಿಲ್ಲ.

ಗಜೇಂದ್ರಗಡದಿಂದ ರೋಣಕ್ಕೆ ಬರುವ ದಾರಿಯಲ್ಲಿ, ಗುಡ್ಡದ ಸಾಲು ಮುಗಿದು ಎರೆ ಹೊಲ ಸುರುವಾಗುವ ಕಡೆ ನಮ್ಮೂರು. ಎಲ್ಲಿ ತೋಡಿದರೂ ಸವುಳು ನೀರು. ಬೇಳೆ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ, ಎಮ್ಮೆ ಕೂಡ ಮೂಸಿ ಮುಖ ತಿರುಗಿಸುತ್ತದೆ. ಸಿಹಿನೀರೆಂದರೆ ಮೂರು ಮೈಲು ದೂರದ ಗುಡ್ಡದ ಝರಿ. ಎಪ್ಪತ್ತೆರಡರ ಬರದಲ್ಲಿ ನಮ್ಮ ಪಕ್ಕದ ಮನೆಯ ಗಾಳೆವ್ವ ಆ ಝರಿಯಿಂದ ಬರುವ ದಾರಿಯಲ್ಲೇ ಹಡೆದಳು. ಕೂಸನ್ನು ಅಲ್ಲೇ ಮಣ್ಣು ಮಾಡಿ, ಉಳಿದ ಅರ್ಧ ಕೊಡ ನೀರು ಹೊತ್ತು ಮನೆಗೆ ಬಂದಳು. ಅರ್ಧ ಕೊಡ ಅನ್ನುವುದನ್ನು ಊರಿನವರು ಈಗಲೂ ಬಿಡದೆ ಹೇಳುತ್ತಾರೆ.

ಮರುವರ್ಷ ಅವಳ ಮನೆಯ ಮುಂದೆ ಬೋರು ಹೊಡೆಯುವ ಯಂತ್ರ ಬಂತು. ಅದನ್ನು ನಡೆಸುವವರು ನನ್ನ ಅಪ್ಪ. ಈಗಿನಂತೆ ಗಾಳಿಯ ಒತ್ತಡದಲ್ಲಿ ಗಿರಗಿರ ತಿರುಗುವ ಯಂತ್ರವಲ್ಲ. ಹಗ್ಗಕ್ಕೆ ಕಟ್ಟಿದ ಭಾರದ ಉಳಿಯನ್ನು ಮೇಲೆತ್ತಿ ಬಿಡುವುದು, ಕುಟ್ಟುವುದು, ಮತ್ತೆ ಎತ್ತುವುದು. ದಿನಕ್ಕೆ ಮೂರು ಅಡಿ ಇಳಿದರೆ ಪುಣ್ಯ. ಒಳಗಿನಿಂದ ಬಂದ ರಾಡಿಯನ್ನು ಅಪ್ಪ ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಡುತ್ತಿದ್ದರು. ಬೋರಿನವರೆಲ್ಲ ಹಾಗೆಯೇ; ನಾನೂ ಹಾಗೆಯೇ. ಎಂಬತ್ತೈದು ಅಡಿಗೆ ಸಿಹಿನೀರು ಬಂತು. ಆದರೆ ಹುಕುಮಿನ ಕಾಗದದಲ್ಲಿ ನೂರಾ ಎಂಬತ್ತು ಅಡಿ ಎಂದಿತ್ತು. ನಿಲ್ಲಿಸೋಣ ಎಂದರೆ ಮೇಲ್ವಿಚಾರಕ ಕೇಳಲಿಲ್ಲ. ಬೂದಿಬಣ್ಣದ, ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುವ ಪದರಗಲ್ಲು ಸಿಕ್ಕಿತು. ಅದನ್ನು ದಾಟಿದ ಮೇಲೆ, ನೂರಾ ಅರವತ್ತು ಅಡಿಗೆ, ಅಪ್ಪನ ನಾಲಿಗೆಗೆ ಉಪ್ಪು ಹತ್ತಿತು.

ಉಪ್ಪು ಎಂದು ಬರೆದರೆ ಬೋರು ಫೇಲು. ಬಾಯಿಗೆ ಮುಚ್ಚಳ ಬಡಿದು ಯಂತ್ರ ಮುಂದಿನ ಊರಿಗೆ ಹೋಗುತ್ತಿತ್ತು. ಅಪ್ಪ 'ನೂರಾ ಎಂಬತ್ತು ಅಡಿ, ಸಿಹಿನೀರು' ಎಂದು ಬರೆಸಿದರು. ಮೇಲ್ವಿಚಾರಕ ಮೂರು ದಿನ ರಜೆ ಹೋದಾಗ, ಗಾಳೆವ್ವ ಕೆರೆಯ ಜೇಡಿಮಣ್ಣು ತಂದು, ಶೇಂಗಾದ ಉಂಡಿ ಕಟ್ಟಿದ ಹಾಗೆ ಮಣ್ಣಿನ ಉಂಡಿ ಕಟ್ಟಿ ನೆರಳಲ್ಲಿ ಒಣಗಿಸಿದಳು. ಅಪ್ಪ ಒಂದೊಂದನ್ನೇ ಕೊಳವೆಯೊಳಗೆ ಬಿಟ್ಟು ಉಳಿಯಿಂದ ಕುಟ್ಟಿದರು. ತೊಂಬತ್ತೆರಡು ಅಡಿಯ ತನಕ ಬೂಚು ಬಂತು. ಕೆಳಗೆ ಉಪ್ಪು, ಮೇಲೆ ಸಿಹಿ, ನಡುವೆ ಗಾಳೆವ್ವನ ಉಂಡಿಗಳು. ಆಮೇಲೆ ಅಪ್ಪ ಮಾತು ಕೊಟ್ಟರು. ಬೋರಿಗೆ ಕೈಪಂಪು ಕೂಡಿಸಿದರು; ಮೂವತ್ತಾರು ವರ್ಷ ಊರು ಆ ನೀರು ಕುಡಿಯಿತು.

ಸಾಯುವ ಮೊದಲು ಅಪ್ಪ ನನಗೆ ಹೇಳಿದ್ದು ಇಷ್ಟೇ: "ಆ ಬೋರಿನ್ಯಾಗ ಬೂಚ ಐತಿ. ನೀ ಯಾವ ಮಶಿನ್ ಮ್ಯಾಲೆ ಕೆಲಸಾ ಮಾಡಿದ್ರೂ ಅದನ್ನ ಮುಟ್ಟಬ್ಯಾಡ."

ನಾನು ಕೆಲಸ ಮಾಡಿದ ಮಶಿನ್ ಬೋರು ಹೊಡೆಯುವುದಲ್ಲ, ಬೋರು ಒಡೆಯುವುದು. ಬತ್ತಿದ ಬೋರಿನೊಳಗೆ ರಬ್ಬರಿನ ದಪ್ಪ ಬೂಚನ್ನು ಇಳಿಸಿ, ಅದನ್ನು ಉಬ್ಬಿಸಿ, ಅದರ ಕೆಳಗೆ ನೀರನ್ನು ಜೋರಿನಿಂದ ತುಂಬುತ್ತೇವೆ. ಒತ್ತಡ ತಾಳದೆ ಬಂಡೆ ಬಿರಿಯುತ್ತದೆ, ಮುಚ್ಚಿಹೋದ ಸೆಲೆ ತೆರೆಯುತ್ತದೆ. ಗದಗಿನ ಒಬ್ಬ ಗುತ್ತಿಗೆದಾರರ ಯಂತ್ರ ಅದು. ವಾರಕ್ಕೆ ಆರು ದಿನ ಊರೂರು ಅಲೆದು, ಮೈತುಂಬ ಕೆಸರು ಮಾಡಿಕೊಂಡು ಮನೆಗೆ ಬರುತ್ತಿದ್ದೆ.

ಎರಡು ಸಾವಿರದ ಒಂಬತ್ತರ ಹೊತ್ತಿಗೆ ನಮ್ಮ ಸುತ್ತಲಿನ ಹೊಲಗಳಲ್ಲೆಲ್ಲ ಬೋರು ಬಿದ್ದು, ಊರ ಪಂಪಿನ ನೀರು ಇಳಿದಿತ್ತು. ಹತ್ತು ಸಲ ಜಗ್ಗಿದರೆ ಒಂದು ಚರಿಗೆ. ಕೊಡಗಳ ಸಾಲು ಮಸೀದಿಯ ಮೂಲೆಯ ತನಕ ಹೋಗುತ್ತಿತ್ತು. ನನ್ನ ಮಗಳು ಗುಲ್ಷನ ಹತ್ತನೆಯ ಇಯತ್ತೆ. ಕೋಳಿ ಕೂಗುವ ಮೊದಲೇ ಎದ್ದು ಪಾಳಿ ಹಿಡಿದು, ಎರಡು ಕೊಡ ತುಂಬಿ, ಆಮೇಲೆ ಗಜೇಂದ್ರಗಡದ ಬಸ್ಸಿಗೆ ಓಡುತ್ತಿದ್ದಳು.

ಫೆಬ್ರವರಿಯಲ್ಲಿ ಒಂದು ದಿನ ಅವಳ ಗಣಿತದ ಉತ್ತರಪತ್ರಿಕೆ ನೋಡಿದೆ. ಮೂರನೆಯ ಲೆಕ್ಕದ ನಡುವೆ ಪೆನ್ನಿನ ಗೆರೆ ಜಾರಿ ಹಾಳೆಯ ತುದಿಯ ತನಕ ಹೋಗಿತ್ತು.

"ಇದೇನ ಇದು?"

"ನಿದ್ದಿ ಬಂದಿತ್ತು ಅಬ್ಬಾ," ಎಂದಳು. "ಸರ್ ಎಬ್ಬಿಸೂದ್ರಾಗ ಗಂಟಿ ಹೊಡೀತು."

ನನ್ನ ಹೆಂಡತಿ ಮೆಹನಾಜ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮಂದಿ ಊರಿಗೆಲ್ಲಾ ನೀರ ತಗದ ಕೊಟ್ಟ ಬರ್ತಾರ ಸಾಹೇಬ್ರು. ಮಗಳ ಕೊಡದ ಮ್ಯಾಲೆ ತಲಿ ಇಟ್ಟ ಮಲಗತಾಳ. ಮನಿ ಮುಂದಿನ ಬೋರಿಗೆ ನಿಮ್ಮ ಸವಾರಿ ಯಾವಾಗ ಬರ್ತೈತಿ?"

"ಅದರಾಗ ಬೂಚ ಐತಿ. ನಿನಗೂ ಗೊತ್ತೈತಿ."

"ಬೂಚಿನ ಮ್ಯಾಲೆ ಮಾಡ್ರಿ. ಬೂಚಿಗೆ ಯಾರ ಕೈ ಹಚ್ಚಂದ್ರು?"

ಈ ಮಾತು ನನ್ನ ತಲೆಯಲ್ಲಿ ಕುಳಿತಿತು. ಪಂಚಾಯಿತಿಯವರು ಅರ್ಜಿ ಕೊಡುವಾಗ ನಾನೇ ಬರೆದುಕೊಟ್ಟೆ.

ಮಾರ್ಚಿನ ಮೊದಲ ವಾರ ಲಾರಿ ಬಂತು, ಹಿಂದೆ ರೋಣದ ಕೆರೆಯಲ್ಲಿ ತುಂಬಿಸಿದ ನೀರಿನ ಟ್ಯಾಂಕರು. ಯಂತ್ರದ ಜೊತೆ ಊರೂರು ತಿರುಗುವ ಇಂಜಿನಿಯರ್ ಮಲ್ಲೇಶಪ್ಪನವರು ಕೆಟ್ಟವರಲ್ಲ. ಪಂಪಿನ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಬಿಡಿಸಿ ಹೇಳುವವರು. ಆ ದಿನಗಳಲ್ಲಿ ಅವರಿಗೆ ಅಮೆರಿಕದ ಹುಚ್ಚು ಹಿಡಿದಿತ್ತು. ಇಂಟರ್‌ನೆಟ್ಟಿನಿಂದ ತೆಗೆದ ಚಿತ್ರಗಳ ಒಂದು ಕಟ್ಟು ಯಾವಾಗಲೂ ಕೈಯಲ್ಲಿರುತ್ತಿತ್ತು.

"ಇದ ಮಶಿನ್ನಿನ ದೊಡ್ಡಪ್ಪ ಅಲ್ಲಿ ಐತಿ," ಎಂದರು. "ಈ ಊರಾಗ ಐತೆಲ್ಲಾ ಪದರಗಲ್ಲು, ಹಂತಾದ ಕಲ್ಲಿನಾಗ ಅವರು ಗ್ಯಾಸ್ ತಗೀತಾರ. ಒಂದೂವರಿ ಮೈಲ ಕೆಳಗ ಹೋಗತಾರ. ಅಲ್ಲಿಂದ, ಹೊಲದ ಬದಕ್ಕ ಬಂದ ಕೂಡ್ಲೆ ನೇಗಲಾ ತಿರುವತೀರಲ್ಲ, ಹಂಗ ಪೈಪ್ ತಿರುವತಾರ. ಮತ್ತೊಂದ ಮೈಲ ಅಡ್ಡಡ್ಡ."

ಗಾಳೆವ್ವನ ಮಗ ಕಳಕಪ್ಪ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಬಾಯಿ ಸುಮ್ಮನಿರುವುದಿಲ್ಲ. "ಕಬ್ಬಿಣದ ಪೈಪ್ ಮಣೀತೈತೇನ್ರಿ ಸಾಹೇಬ್ರ? ನಮ್ಮ ಹೆಣ್ಣಮಕ್ಕಳೇ ಮಣಿಯೂದಿಲ್ಲ."

"ಮಣೀತೈತಪಾ. ಆ ಮ್ಯಾಲೆ ನೀರ ಬಿಡತಾರ. ಆ ನೀರಾಗ ಏನ ಕಲಸತಾರ ಹೇಳು? ಚವಳಿಕಾಯಿ ಬೀಜದ ಹಿಟ್ಟ! ಅಂಟ ಅಂಟ ಆಗತೈತಿ. ಅದರ ಕೂಡ ಉಸುಕ ಒಳಗ ಹೋಗಿ ಬಿರುಕಿನಾಗ ಕುಂತ ಬಿಡತೈತಿ, ಬಿರುಕ ಮತ್ತ ಮುಚ್ಚೂದಿಲ್ಲ."

"ಚವಳಿಕಾಯಿನ?" ಕಳಕಪ್ಪನ ಹೆಂಡತಿ ರೂಪಾ ಸೆರಗಿನಲ್ಲಿ ನಕ್ಕಳು. "ಒಗ್ಗರಣಿ ಏನ ಕೊಡತಾರಂತ ಕೇಳ್ರಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಚಿತ್ರದಲ್ಲಿ ಅಡ್ಡ ಕೊಳವೆಯ ಉದ್ದಕ್ಕೂ ಕಪ್ಪು ಗುರುತುಗಳಿದ್ದವು. ಅವು ಏನು ಎಂದು ಕೇಳಿದೆ.

"ಬೂಚ," ಎಂದರು ಮಲ್ಲೇಶಪ್ಪನವರು. "ಒಂದರ ಹಿಂದ ಒಂದ ಬೂಚ ಹಾಕಿ, ಪೈಪನ್ನ ಖೋಲಿ ಖೋಲಿ ಮಾಡತಾರ. ಒಂದ ಖೋಲಿ ಒಡದಾಗ ಬಾಜೂ ಖೋಲಿಗೆ ಗೊತ್ತ ಆಗೂದಿಲ್ಲ. ಅದ ನೋಡು ಅವರ ಶಾಣೇತನ."

ಪಂಪು ಬಿಚ್ಚಿ, ಗುಂಡು ಕಟ್ಟಿದ ಹಗ್ಗ ಇಳಿಸಿದೆ. ತೊಂಬತ್ತೆರಡು ಅಡಿಗೆ ಗುಂಡು ನಿಂತಿತು. ಅಪ್ಪನ ಬೂಚು. ಅಂಗೈಯಲ್ಲಿ ಹಗ್ಗ ಸಡಿಲಾದದ್ದು ಯಾರೋ ಒಳಗಿನಿಂದ ಕೈ ಹಿಡಿದಂತೆ ಇತ್ತು.

ಮಲ್ಲೇಶಪ್ಪನವರು ಕಾಗದ ನೋಡಿದರು. "ದಾಖಲೆ ಒಳಗ ನೂರಾ ಎಂಬತ್ತ ಐತಿ. ಎಂಬತ್ತೆಂಟ ಅಡಿ ಹೂಳ ತುಂಬೈತಿ. ಮೊದಲ ಹೂಳ ತಗಿ."

"ಹೂಳ ಅಲ್ರಿ ಸರ್," ಎಂದು ಅವರನ್ನು ಬದಿಗೆ ಕರೆದು ಎಲ್ಲವನ್ನೂ ಹೇಳಿದೆ. ಅವರು ಹುಬ್ಬೇರಿಸಿದರು, ಆದರೆ ನಂಬಿದರು.

"ಹಂಗಾರ ಬ್ಯಾಡ. ಬೂಚಿನ ಮ್ಯಾಲೆ, ಅರವತ್ತ ಮತ್ತ ತೊಂಬತ್ತರ ನಡುವ ಒಡಿಯೂಣು."

"ಅದಕ್ಕ ಎರಡ ಪ್ಯಾಕರ್ ಬೇಕ್ರಿ. ಮ್ಯಾಲ ಒಂದ, ಕೆಳಗ ಒಂದ. ಒಂದ ಹಾಕಿದ್ರ ಜೋರೆಲ್ಲಾ ಕೆಳಗಿನ ಬೂಚಿಗೆ ಹೋಗತೈತಿ."

ಪ್ಯಾಕರ್ ಎಂದರೆ ಆ ಉಬ್ಬುವ ರಬ್ಬರಿನ ಬೂಚು. ನಮ್ಮಲ್ಲಿ ಎರಡಿದ್ದವು. ಕೆಳಗಿನದರ ರಬ್ಬರು ಹಿಂದಿನ ವಾರ ಒಂದು ಚೂಪುಗಲ್ಲಿಗೆ ಸಿಕ್ಕು ಹರಿದಿತ್ತು. ಹೊಸದು ಬರುವುದು ತಿಂಗಳಾದ ಮೇಲೆ. ಯಂತ್ರ ಮರುದಿನ ಹೊಳೆಆಲೂರಿಗೆ ಹೋಗಬೇಕು. ತಿರುಗಿ ನಮ್ಮೂರಿಗೆ ಬರುವುದು ಮಳೆಗಾಲ ಮುಗಿದ ಮೇಲೆ. ಗುಲ್ಷನಳ ಪರೀಕ್ಷೆ ತಿಂಗಳೊಪ್ಪತ್ತಿನಲ್ಲಿ.

ಮಲ್ಲೇಶಪ್ಪನವರು ಚಿತ್ರಗಳ ಕಟ್ಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಇಲಿಯಾಸ, ನಿಮ್ಮಪ್ಪ ಹಾಕಿದ್ದು ಎಂಬತ್ತೆಂಟ ಅಡಿ ಜೇಡಿಮಣ್ಣು. ಆ ಅಮೆರಿಕಾದವರು ಮೊಳದುದ್ದ ಬೂಚಿನ ಮ್ಯಾಲೆ ನಂಬಿಗಿ ಇಟ್ಟ ಕೆಲಸಾ ಮಾಡತಾರ. ನಿಮ್ಮಪ್ಪಂದೇ ನಮ್ಮ ಕೆಳಗಿನ ಪ್ಯಾಕರ್ ಅಂತ ತಿಳಿ. ಎಂಬತ್ತೆಂಟ ಅಡಿ ಮಣ್ಣ ಎಲ್ಲಿ ಹೋಗತೈತಿ ಹೇಳು?"

ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಓದಿದ ಇಂಜಿನಿಯರೊಬ್ಬರು ನನ್ನ ಅಪ್ಪನ ಕೆಲಸವನ್ನು ಅಮೆರಿಕದ ಯಂತ್ರದ ಪಕ್ಕದಲ್ಲಿ ಇಟ್ಟು ಮಾತಾಡಿದ್ದರು. ಅಪ್ಪ ಸಹಿಯ ಬದಲು ಹೆಬ್ಬೆಟ್ಟು ಒತ್ತುತ್ತಿದ್ದವರು. ನಾನು ತಲೆಯಾಡಿಸಿದೆ.

ಆದರೂ ಒಂದು ಮಾತು ಉಳಿದಿತ್ತು. ಬೂಚು ಹಾಕಿದವರಲ್ಲಿ ಬದುಕಿದ್ದವಳು ಗಾಳೆವ್ವ ಒಬ್ಬಳೇ. ಅವಳು ಕಣ್ಣಿನ ಪೊರೆ ತೆಗೆಸಿಕೊಂಡು ನರಗುಂದದ ಮಗಳ ಮನೆಯಲ್ಲಿದ್ದಳು.

"ಅವ್ವಗ ಫೋನ್ ಹಚ್ಚಲೇನೋ?" ಕಳಕಪ್ಪ ಕಿಸೆಯಿಂದ ಮೊಬೈಲ್ ತೆಗೆದ. "ತಂಗಿ ಮನಿ ಬಾಜೂಕ ಉಸ್ಮಾನಸಾಬನ ಅಂಗಡಿ ಐತಿ. ಕರದ ಕೊಡತಾನ. ಒಂದ ಮಾತ ಕೇಳಿ ಬಿಡೂಣು."

ಸಾಲಿನಲ್ಲಿ ಗುಲ್ಷನಳ ಎರಡು ಕೊಡ ಕಾಣುತ್ತಿದ್ದವು. ಗಾಳೆವ್ವ ಬೇಡ ಎನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ಬೇಡ ಎಂದ ಮೇಲೆ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ.

"ಬ್ಯಾಡ ಬಿಡೊ," ಎಂದೆ. "ಮುದುಕಿಗೆ ಸುಮ್ನ ಗಾಬರಿ ಯಾಕ? ನಾಡದ ಬಂದ ತುಂಬಿದ ಕೊಡ ನೋಡ್ಲಿ."

ಕಳಕಪ್ಪ ಮೊಬೈಲನ್ನು ಕಿಸೆಗೆ ಇಳಿಸಿದ.

ಪ್ಯಾಕರನ್ನು ಅರವತ್ತು ಅಡಿಗೆ ಇಳಿಸಿ ಉಬ್ಬಿಸಿದೆ. ಟ್ಯಾಂಕರಿನ ನೀರು ಒಳಗೆ ಹೋಗತೊಡಗಿತು. ಒತ್ತಡದ ಮುಳ್ಳು ಇಪ್ಪತ್ತಕ್ಕೆ ಬಂತು, ಮೂವತ್ತಕ್ಕೆ ಬಂತು. ಕಾಲಡಿಯ ನೆಲ ಸಣ್ಣಗೆ ನಡುಗುತ್ತಿತ್ತು. ಕಟ್ಟೆಯ ಮೇಲೆ ಸಾಲಾಗಿಟ್ಟ ಹಿತ್ತಾಳೆಯ ಕೊಡಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನಲವತ್ನಾಲ್ಕಕ್ಕೆ ಮುಳ್ಳು ತಟ್ಟನೆ ಇಳಿಯಿತು. ಬಂಡೆ ಬಿರಿದದ್ದರ ಗುರುತು ಅದು.

"ಒಡೀತು!" ಎಂದರು ಮಲ್ಲೇಶಪ್ಪನವರು. ಜನ ಚಪ್ಪಾಳೆ ತಟ್ಟಿದರು.

ಬಿರುಕು ಅಗಲವಾಗಲಿ ಎಂದು ಸ್ವಲ್ಪ ಹೊತ್ತು ನೀರು ಬಿಡುತ್ತಲೇ ಇರುವುದು ಪದ್ಧತಿ. ಬಿಟ್ಟೆ. ಮುಳ್ಳು ಮತ್ತೆ ಏರಿತು, ಮೂವತ್ತೈದು, ನಲವತ್ತು. ಆಮೇಲೆ ಇನ್ನೊಂದು ಸಲ ಇಳಿಯಿತು. ಈ ಸಲ ಹತ್ತರ ತನಕ ಇಳಿದು ಅಲ್ಲೇ ಬಿದ್ದಿತು. ಒಳಗೆ ಹೋಗುವ ನೀರಿಗೆ ಎಲ್ಲೂ ತಡೆಯೇ ಇರಲಿಲ್ಲ. ಎಲ್ಲಿಗೆ ಹೋಗುತ್ತಿದೆ?

ಎರಡನೆಯ ಸಲ ಮುಳ್ಳು ಇಳಿದದ್ದನ್ನು ನೋಡಿದವನು ನಾನೊಬ್ಬನೇ. ಮಲ್ಲೇಶಪ್ಪನವರಿಗೆ ಆ ಹೊತ್ತಿಗೆ ಪಂಚಾಯಿತಿಯವರು ಹಾರ ಹಾಕುತ್ತಿದ್ದರು. ನಾನು ಪಂಪು ಬಂದ್ ಮಾಡಿದೆ. ಪ್ಯಾಕರ್ ಎತ್ತಿದ ಮೇಲೆ ಮತ್ತೆ ಗುಂಡು ಇಳಿಸಿ ನೋಡಬಹುದಿತ್ತು. ನೋಡಲಿಲ್ಲ.

ಸಂಜೆ ಪಂಪು ಕೂಡಿಸಿದೆವು. ಎರಡು ಜಗ್ಗಿಗೆ ನೀರು ಧಾರೆಯಾಗಿ ಬಿತ್ತು. ನಾಲಿಗೆಗೆ ಇಟ್ಟುಕೊಂಡೆ. ಸಿಹಿ. ಗುಲ್ಷನ ಎರಡು ಕೊಡವನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ತುಂಬಿ, ಮೂರನೆಯದಕ್ಕೆ ಕೊಡ ಇಲ್ಲದೆ ನಿಂತಳು. ಆ ರಾತ್ರಿ ಅವಳು ಅಲಾರಾಮ್ ಇಡದೆ ಮಲಗಿದಳು. ಯಂತ್ರ ಹೊಳೆಆಲೂರಿಗೆ ಹೋಯಿತು; ನಾನು ನಾಲ್ಕು ದಿನ ರಜೆ ಹಾಕಿ ಊರಲ್ಲೇ ಉಳಿದೆ. ಊರಲ್ಲಿ ಮೆಣಸಿನಕಾಯಿ ಗಿಡಗಳಿಗೂ ಆ ನೀರು ಹೊಯ್ದರು.

ಮೂರನೆಯ ದಿನ ಬೆಳಗ್ಗೆ ಗಾಳೆವ್ವ ಬಸ್ಸಿಳಿದಳು. ಕಣ್ಣಿಗೆ ಹಸಿರು ಕನ್ನಡಕ. ಸೀದಾ ಪಂಪಿಗೆ ಬಂದು ಬೊಗಸೆಯೊಡ್ಡಿದಳು. ರೂಪಾ ಜಗ್ಗಿದಳು. ಮುದುಕಿ ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡು ನಿಂತಳು, ನುಂಗಲಿಲ್ಲ. ಉಗುಳಿದಳು.

"ಇದು ರೋಣದ ಕೆರಿ ನೀರ," ಎಂದಳು.

"ಟ್ಯಾಂಕರ್ ನೀರ ಒಳಗ ಬಿಟ್ಟಿದ್ರತ್ತಿ, ಅದ ಬರಾಕತ್ತೈತಿ," ಎಂದಳು ರೂಪಾ.

"ಅದ ಮುಗದ ಮ್ಯಾಲೆ ಏನ ಬರ್ತೈತಿ?"

ಗಾಳೆವ್ವ ನನ್ನ ಕಡೆ ತಿರುಗಿದಳು. ಹಸಿರು ಗಾಜಿನ ಹಿಂದೆ ಕಣ್ಣು ಕಾಣುತ್ತಿರಲಿಲ್ಲ. "ಬೂಚ?"

"ಬೂಚ ಮುಟ್ಟಿಲ್ಲ ಗಾಳೆವ್ವ. ಮ್ಯಾಲ ಮ್ಯಾಲ ಮಾಡೇವಿ. ಎಂಬತ್ತೆಂಟ ಅಡಿ ಮಣ್ಣ ಐತಿ, ಅದಕ್ಕ ಏನೂ ಆಗೂದಿಲ್ಲ ಅಂದ್ರ ಸಾಹೇಬ್ರು."

"ಎಂಬತ್ತೆಂಟ?" ಅವಳು ಕಟ್ಟೆಯ ಮೇಲೆ ಕುಳಿತಳು. "ಯಾರ ಹೇಳಿದ್ರೋ ನಿನಗ ಎಂಬತ್ತೆಂಟ?"

ಯಾರೂ ಹೇಳಿರಲಿಲ್ಲ. ನೂರಾ ಎಂಬತ್ತರಲ್ಲಿ ತೊಂಬತ್ತೆರಡು ಕಳೆದಿದ್ದೆವು, ಅಷ್ಟೆ.

"ನಾ ಕಟ್ಟಿದ ಉಂಡಿ ಎಷ್ಟಿದ್ದಾವು? ಒಂದ ಚಕ್ಕಡಿ ಮಣ್ಣೂ ಇದ್ದಿದ್ದಿಲ್ಲ. ಬಿಡಾಕತ್ತಿದ್ವಿ, ನೂರ ಅಡಿಗೆ ಪದರಗಲ್ಲಿನ ಸಂದಿನ್ಯಾಗ ಸಿಕ್ಕೊಂಡ ಕುಂತ್ವು. ಕುಟ್ಟಿದ್ರೂ ಕೆಳಗ ಹೋಗ್ಲಿಲ್ಲ. ಆ ಸಂಜಿಗೇ ಮ್ಯಾಲಿನ ಸಾಹೇಬ ತಿರುಗಿ ಬರಾಂವ ಇದ್ದ. ನಿಮ್ಮಪ್ಪ, ಇರಲಿ ಬಿಡು, ಇದರ ಮ್ಯಾಲನ ತುಂಬಿ ಬಿಡೂಣು ಅಂದ. ಎಂಟ ಅಡಿ ಮಣ್ಣ ಐತಿ. ಅದರ ಕೆಳಗ ಪೊಳ್ಳ, ಬರೇ ಉಪ್ಪನೀರ."

"ಅಪ್ಪ ನನಗ ಹೇಳಲಿಲ್ಲ..."

"ಹ್ಯಾಂಗ ಹೇಳತಾನ? ಅರ್ಧಾ ಮಾಡಿದ ಕೆಲಸ, ಮಗನ ಮುಂದ ಹೇಳಾಕ ಬಾಯಿ ಬರ್ತೈತೇನು? ಅದಕ್ಕ ಮಾತ ಕೊಟ್ಟ." ಗಾಳೆವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಬೂಚ ಗಟ್ಟಿ ಇದ್ದಿದ್ರ ಕಾಯ್ತೀನಿ ಅನ್ನೂದ ಯಾಕ ಬೇಕಾಗಿತ್ತೋ ತಮ್ಮಾ?"

ಕಳಕಪ್ಪ ನನ್ನನ್ನು ನೋಡಿದ. ಫೋನಿನ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚಲೋ ಇತ್ತು.

ಅದೇ ದಿನ ಮಧ್ಯಾಹ್ನ ಮೆಹನಾಜ ಇಟ್ಟ ತೊಗರಿಬೇಳೆ ಬೇಯಲಿಲ್ಲ. ಎರಡು ತಾಸು ಒಲೆಯ ಮೇಲಿದ್ದು ಕಲ್ಲಿನಂತೆ ಉಳಿಯಿತು. ಅವಳು ಪಾತ್ರೆಯನ್ನು ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ನಾನು ನೀರನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟೆ. ಅಪ್ಪ ನೂರಾ ಅರವತ್ತು ಅಡಿಯಲ್ಲಿ ರುಚಿ ನೋಡಿದ ಉಪ್ಪು ಅದು.

ಹೊಳೆಆಲೂರಿಗೆ ಹೋಗಿ ಮಲ್ಲೇಶಪ್ಪನವರನ್ನು ಕಂಡೆ. ಅವರ ಮುಖ ಇಳಿಯಿತು. ಮತ್ತೆ ಬೂಚು ಹಾಕೋಣ, ಈ ಸಲ ಸಿಮೆಂಟಿನದು ಎಂದರು. ಬಂದು ಹಾಕಿದರು ಕೂಡ. ಆಗಲಿಲ್ಲ. ಕೊಳವೆಯನ್ನು ಮುಚ್ಚಬಹುದು. ನಾವು ಕೊಳವೆಯ ಸುತ್ತಲಿನ ಬಂಡೆಯನ್ನೇ ಬಿರಿಯಿಸಿದ್ದೆವು. ಉಪ್ಪು ಈಗ ಬಂಡೆಯೊಳಗಿನಿಂದ, ಬೂಚನ್ನು ಬಳಸಿಕೊಂಡು ಮೇಲೆ ಬರುತ್ತಿತ್ತು.

"ವರದಿ ಏನ ಬರದ್ರಿ ಸರ್?" ಎಂದು ಕೇಳಿದೆ.

"ಯಶಸ್ವಿ ಅಂತ ಹೋಗೇತಿ," ಎಂದರು ನೆಲ ನೋಡುತ್ತ. "ತಾಸಿಗೆ ಎಷ್ಟ ನೀರ ಬರ್ತೈತಿ ಅನ್ನೂದಕ್ಕ ಜಾಗಾ ಐತಿ ಅದರಾಗ. ರುಚಿಗೆ ಇಲ್ಲ."

ಗುಲ್ಷನ ಪರೀಕ್ಷೆ ಬರೆದಳು. ಬೆಳಗಿನ ಪಾಳಿಯ ಬದಲು ಈಗ ಝರಿಯ ದಾರಿ, ಹೋಗಿ ಬರಲು ಆರು ಮೈಲು. ಗಣಿತದಲ್ಲಿ ಫೇಲಾದಳು. ಮತ್ತೆ ಕಟ್ಟು ಎಂದೆ. "ಕಟ್ಟತೀನಿ ಅಬ್ಬಾ," ಎಂದಳು, ಸಿಂಬೆ ಸುತ್ತುತ್ತ. ಕಟ್ಟಲಿಲ್ಲ. ನಾನು ಎರಡನೆಯ ಸಲ ಹೇಳಲೂ ಇಲ್ಲ.

ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಟ್ಯಾಂಕರ್ ಬರುತ್ತಿತ್ತು. ಅಕ್ಟೋಬರಿನಲ್ಲಿ ಮಲಪ್ರಭಾ ಉಕ್ಕಿ ಮೆಣಸಗಿಯ ಮನೆಗಳಿಗೆ ನುಗ್ಗಿದಾಗ, ಕುಡಿಯುವ ನೀರಿಗೆ ಅಲ್ಲಿಯವರಿಗೂ ಗತಿ ಇಲ್ಲದಾಗಿ ಟ್ಯಾಂಕರ್ ಅಲ್ಲಿಗೆ ಹೋಯಿತು. ತಿರುಗಿ ಬರಲಿಲ್ಲ. ಬರಲಿಲ್ಲವೇಕೆ ಎಂದು ಕೇಳುವ ಮುಖ ನನಗಿರಲಿಲ್ಲ.

ಗಾಳೆವ್ವ ಝರಿಗೆ ಹೋಗುವುದಿಲ್ಲ. ಆ ದಾರಿಯಲ್ಲಿ ಕಾಲಿಡಲಾರೆ ಎಂದಳು. ರೂಪಾ ತಂದದ್ದನ್ನೂ ಮೊಮ್ಮಕ್ಕಳಿಗೆ ಬಿಟ್ಟು, ಅವಳು ಪಂಪಿನದನ್ನೇ ಕುಡಿಯುತ್ತಾಳೆ. ಮೊನ್ನೆ ಅವಳ ಕಾಲು ಬಾತಿದ್ದವು. ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. "ನಮ್ಮ ಬೋರಿಂದ್ರಿ," ಎಂದಳು.

ಬೂಚನ್ನು ಮಗ ಕಾಯುತ್ತಾನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ನಾನು ಕಾಯಲಿಲ್ಲ.